ಹನ್ನೆರಡನೆಯ ತರಗತಿಯ ಗಣಿತಾಭ್ಯಾಸ

ಮಕ್ಕಳು ಹನ್ನೆರಡನೆಯ ತರಗತಿಗೆ ಬಂದೊಡನೆ ಅನೇಕ ಮನೆಗಳಲ್ಲಿ ಒಂದೇ ಕೊರಗು: “ರಾತ್ರಿಯೆಲ್ಲ ಓದುತ್ತಾನೆ, ಗಣಿತದಲ್ಲಿ ಮಾತ್ರ ಮಾರ್ಕು ಬರುವುದಿಲ್ಲ.” ಬಹುಮಟ್ಟಿಗೆ ದೋಷವಿರುವುದು ಅಭ್ಯಾಸದ ಕ್ರಮದಲ್ಲಿ.

ಬಿಡಿಸಿಟ್ಟ ಲೆಕ್ಕವನ್ನು ಓದುವಾಗ ಎಲ್ಲವೂ ತಿಳಿದಂತೆ ತೋರುತ್ತದೆ. ಪುಸ್ತಕ ಮುಚ್ಚಿ ಅದನ್ನೇ ಬರೆಯಹೊರಟರೆ ಎರಡನೆಯ ಸಾಲಿಗೇ ಕೈ ತಡೆಯುತ್ತದೆ. ಕೈ ತಡೆದ ಆ ಜಾಗವೇ ಕಲಿಯಬೇಕಾದ ಜಾಗ. ಅಲ್ಲಿ ಏನು ಮಾಡಿದ್ದಾರೆಂದು ನೋಡಿಕೊಂಡು, ಪುಸ್ತಕವನ್ನು ಮತ್ತೆ ಮುಚ್ಚಿ ಮೊದಲಿನಿಂದ ಮಾಡಬೇಕು. ಎರಡು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಇನ್ನೊಮ್ಮೆ ಮಾಡಿದರೆ ಅದು ಮನಸ್ಸಿನಲ್ಲಿ ಊರುತ್ತದೆ.

ಪರೀಕ್ಷೆಯ ಪ್ರಶ್ನೆಯ ಮೇಲೆ ಪಾಠದ ಹೆಸರು ಬರೆದಿರುವುದಿಲ್ಲ. ಆದುದರಿಂದ ವಾರಕ್ಕೊಮ್ಮೆ ಬೇರೆ ಬೇರೆ ಪಾಠಗಳ ಲೆಕ್ಕಗಳನ್ನು ಬೆರೆಸಿ ಮಾಡತಕ್ಕದ್ದು.

ತಾಳೆ ನೋಡುವ ರೂಢಿಯೂ ಬೇಕು. ಇಂಟಿಗ್ರೇಷನ್ ಮಾಡಿ ಬಂದ ಉತ್ತರವನ್ನು ಡಿಫರೆನ್ಶಿಯೇಟ್ ಮಾಡಿದರೆ ಮೊದಲು ಕೊಟ್ಟದ್ದೇ ಮರಳಿ ಬರಬೇಕು. ಗುಮಾಸ್ತರು ಜಮಾಖರ್ಚು ತಾಳೆ ನೋಡುವಂತೆಯೇ ಇದೂ.

ತಂದೆತಾಯಿಗಳಿಗೆ ಈ ಗಣಿತ ಬಾರದಿದ್ದರೂ ಚಿಂತೆಯಿಲ್ಲ. ಕೆಲಸದಿಂದ ಬಂದು “ಎಷ್ಟು ಹೊತ್ತು ಓದಿದೆ?” ಎನ್ನುವ ಬದಲು “ಇಂದು ಪುಸ್ತಕ ಮುಚ್ಚಿ ಎಷ್ಟು ಲೆಕ್ಕ ಮಾಡಿದೆ?” ಎಂದು ಕೇಳಿರಿ.