ಬೆಟ್ಟ ಹತ್ತಲು ಚೀಟಿ ಯಾಕೆ?



ಬೆಟ್ಟ ಯಾರದು? ಎಲ್ಲರದು. ಹಾಗಾದರೆ ಬೆಟ್ಟ ಹತ್ತಲು ಚೀಟಿ ಯಾಕೆ ಬೇಕು? ಬನ್ನಿ, ತಿಳಿಯೋಣ.

ಕುಕ್ಕೆ ಸುಬ್ರಹ್ಮಣ್ಯದ ಹೆಸರು ನಾವೆಲ್ಲ ಕೇಳಿದ್ದೇವೆ. ಆ ಊರಿನ ಹತ್ತಿರ ಕುಮಾರ ಪರ್ವತ ಇದೆ. ಎತ್ತರ 1,712 ಮೀಟರ್. ಅದು ಪುಷ್ಪಗಿರಿ ವನ್ಯಜೀವಿ ಧಾಮಕ್ಕೆ ಸೇರಿದೆ. ಅಲ್ಲಿ ಆನೆ, ಕಾಟಿ, ಕಡವೆಗಳಿವೆ. ಕುಮಾರಧಾರಾ ಹೊಳೆ ಈ ಬೆಟ್ಟಗಳಲ್ಲೇ ಹುಟ್ಟುತ್ತದೆ. ಊರೂರು ದಾಟಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ.

2024ರ ಜನವರಿ ಕೊನೆಯಲ್ಲಿ ಸಾಲು ರಜೆ ಬಂತು. ಸಾವಿರಾರು ಮಂದಿ ಒಟ್ಟಿಗೇ ಕುಮಾರ ಪರ್ವತಕ್ಕೆ ಬಂದರು. ಕಾಡಿನ ಕಾಲುದಾರಿ ಜಾತ್ರೆಯ ಬೀದಿಯಂತಾಯಿತು.

ಬಂದರೆ ಏನಾಯ್ತು ಅಂತೀರಾ? ಒಂದು ಸೇರು ಬೇಯುವ ಪಾತ್ರೆಗೆ ಎರಡು ಸೇರು ಅಕ್ಕಿ ಹಾಕಿ ನೋಡಿ. ಅನ್ನ ಉಕ್ಕುತ್ತೆ, ಒಲೆಯೂ ಆರುತ್ತೆ. ಬೆಟ್ಟವೂ ಹಾಗೇ.

ತುಂಬಾ ಜನ ತುಳಿದರೆ ಹುಲ್ಲು ಸಾಯುತ್ತೆ. ಮಣ್ಣು ಸಡಿಲವಾಗುತ್ತೆ. ಮಳೆ ಬಂದಾಗ ಆ ಮಣ್ಣು ಹೊಳೆಗೆ ಇಳಿಯುತ್ತೆ. ಬಿಸಾಕಿದ ಪ್ಲಾಸ್ಟಿಕ್ಕು, ಹೊಲಸು ಎಲ್ಲವೂ ತೊರೆ ಸೇರುತ್ತೆ. ಮೇಲಿನವರು ಕೆಡಿಸಿದ ನೀರು ಕೆಳಗಿನವರ ಬಿಂದಿಗೆಗೆ ಬರುತ್ತೆ. ನೀರು ಹೊರುವವರು ಯಾರು? ನಾವೇ ಅಲ್ಲವೇ?

ಅದಕ್ಕೇ ನಿಯಮ ಬೇಕು. ವನ್ಯಜೀವಿ ಕಾನೂನು 1972ರಲ್ಲಿ ಬಂತು. ಆ ಕಾನೂನಿನಂತೆ, ಧಾಮ ನೋಡಲು ಬರುವವರು ಅನುಮತಿ ಪಡೆಯಬೇಕು.

ಜನವರಿಯ ಆ ನೂಕುನುಗ್ಗಲಿನ ನಂತರ ಸರ್ಕಾರ ಎಚ್ಚೆತ್ತಿತು. 2024ರ ಅಕ್ಟೋಬರ್‌ನಲ್ಲಿ 'ಅರಣ್ಯ ವಿಹಾರ' ಎಂಬ ಆನ್‌ಲೈನ್ ವ್ಯವಸ್ಥೆ ತಂದಿತು. ಒಂದು ಚಾರಣ ದಾರಿಗೆ ದಿನಕ್ಕೆ 300 ಜನ ಎಂದು ಮಿತಿ ಇಟ್ಟಿತು. ಮೊದಲು ಹೆಸರು ಬರೆಸಿದವರಿಗೆ ಮೊದಲು ಚೀಟಿ. ಉಳಿದವರು ಇನ್ನೊಂದು ದಿನ ಬರಬೇಕು. ಮಳೆಗಾಲದಲ್ಲಿ ದಾರಿ ಜಾರುತ್ತೆ, ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯ. ಆಗ ಚಾರಣವನ್ನೇ ನಿಲ್ಲಿಸುವುದುಂಟು.

ಚೀಟಿಯಿಂದ ಇನ್ನೊಂದು ಉಪಯೋಗ ಇದೆ. ಬೆಳಿಗ್ಗೆ ಎಷ್ಟು ಜನ ಹತ್ತಿದರು ಅಂತ ಲೆಕ್ಕ ಸಿಗುತ್ತೆ. ಸಂಜೆ ಒಬ್ಬರು ಇಳಿಯದಿದ್ದರೂ ಗೊತ್ತಾಗುತ್ತೆ. ಕೂಡಲೇ ಹುಡುಕಬಹುದು.

ನಾವೂ ಒಂದು ದಿನ ಬೆಟ್ಟ ಹತ್ತೋಣ. ಆದರೆ ಮೊದಲು ಚೀಟಿ ಪಡೆಯೋಣ. ಅದರಲ್ಲಿ ಹೆಸರು, ತಾರೀಖು, ಜಾಗ ಸರಿ ಇದೆಯೇ ನೋಡೋಣ. ಈಗ ನಮಗೇ ಓದಲು ಬರುತ್ತೆ. ಇನ್ನೊಬ್ಬರನ್ನು ಕೇಳಬೇಕಿಲ್ಲ.

ಚರ್ಚೆ ಮಾಡೋಣ:
1. ನಮ್ಮ ಊರಿನ ನೀರು ಎಲ್ಲಿಂದ ಬರುತ್ತದೆ?
2. ಆ ಜಾಗಕ್ಕೆ ಯಾರು ಯಾರು ಹೋಗುತ್ತಾರೆ?
3. ಅದನ್ನು ಕಾಪಾಡಲು ನಾವು ಯಾವ ನಿಯಮ ಮಾಡಬಹುದು?