ಇರುಳ ಮೋಡದೊಳಗೆ ವಿಮಾನ ಯಾರ ಕೈಯಲ್ಲಿ?

2009ರ ಮೇ 31ರ ಸಂಜೆ ಬ್ರೆಜಿಲ್‌ನ ರಿಯೊ ಡಿ ಜನೈರೊದಿಂದ ಪ್ಯಾರಿಸ್‌ಗೆ ಹೊರಟ ಏರ್ ಫ್ರಾನ್ಸ್ 447 ವಿಮಾನವು ನಡುರಾತ್ರಿ ಅಟ್ಲಾಂಟಿಕ್ ಸಾಗರದಲ್ಲಿ ಕಣ್ಮರೆಯಾಯಿತು. ಅದರಲ್ಲಿದ್ದ 228 ಮಂದಿಯಲ್ಲಿ ಒಬ್ಬರೂ ಬದುಕುಳಿಯಲಿಲ್ಲ. ಸುಮಾರು 3,900 ಮೀಟರ್ ಆಳದ ಸಾಗರತಳದಿಂದ ಅದರ ದಾಖಲೆ ಪೆಟ್ಟಿಗೆಗಳನ್ನು ಮೇಲೆತ್ತಲು ಎರಡು ವರ್ಷ ಹಿಡಿಯಿತು. ಅಲ್ಲಿಯವರೆಗೆ ಸಿಡಿಲು, ಬಿರುಗಾಳಿ ಎಂದು ನಾನಾ ಊಹೆಗಳು ಹರಿದಾಡಿದವು. ಫ್ರಾನ್ಸ್‌ನ ತನಿಖಾ ಸಂಸ್ಥೆ ಬಿಇಎ 2012ರ ಜುಲೈನಲ್ಲಿ ನೀಡಿದ ಅಂತಿಮ ವರದಿ ಈ ಊಹೆಗಳನ್ನೆಲ್ಲ ಬದಿಗೆ ಸರಿಸಿತು. ಮೋಡವು ವಿಮಾನವನ್ನು ಮುರಿದಿರಲಿಲ್ಲ. ಸಮುದ್ರವನ್ನು ಅಪ್ಪಳಿಸುವ ಕ್ಷಣದಲ್ಲೂ ಎರಡೂ ಎಂಜಿನ್‌ಗಳು ಚಾಲನೆಯಲ್ಲಿದ್ದವು.

ಹಾಗಾದರೆ ನಡೆದದ್ದೇನು?

ರಾತ್ರಿ ಮೋಡದೊಳಗೆ ಹಾರುವ ಪೈಲಟ್‌ಗೆ ಕಿಟಕಿಯಾಚೆ ನೆಲವೂ ಕಾಣದು, ದಿಗಂತವೂ ಕಾಣದು. ನಮ್ಮ ಒಳಗಿವಿ ನೆಲದ ಮೇಲೆ ನಡೆಯುವವರಿಗಾಗಿ ರೂಪುಗೊಂಡದ್ದು. ನಿಧಾನವಾಗಿ ವಾಲುತ್ತಿರುವ ವಿಮಾನವನ್ನು ಅದು ನೆಟ್ಟಗಿದೆ ಎಂದೇ ತಿಳಿಯುತ್ತದೆ. ಆದ್ದರಿಂದಲೇ ದೇಹವನ್ನು ನಂಬದೆ ಮಾಪಕಗಳನ್ನು ನಂಬಬೇಕೆಂಬುದು ಪೈಲಟ್‌ಗೆ ಕಲಿಸುವ ಮೊದಲ ಪಾಠಗಳಲ್ಲೊಂದು. ಆದರೆ ಮಾಪಕವೇ ಸುಳ್ಳು ಹೇಳಿದರೆ? 1978ರ ಜನವರಿ 1ರ ರಾತ್ರಿ ಮುಂಬಯಿಯಿಂದ ದುಬೈಗೆ ಹೊರಟ ಏರ್ ಇಂಡಿಯಾದ ‘ಎಂಪರರ್ ಅಶೋಕ’ ಜಂಬೊ ವಿಮಾನದಲ್ಲಿ ಆದದ್ದು ಅದೇ. ಕ್ಯಾಪ್ಟನ್ ಎದುರಿದ್ದ ಮಾಪಕವು ವಿಮಾನ ಬಲಕ್ಕೆ ವಾಲಿದೆ ಎಂದು ತೋರಿಸಿತು; ಅವರು ಎಡಕ್ಕೆ ತಿರುಗಿಸುತ್ತ ಹೋದರು. ಕತ್ತಲೆಯ ಅರಬ್ಬಿ ಸಮುದ್ರದಲ್ಲಿ 213 ಮಂದಿ ಮಡಿದರು. ಒಂದು ಮಾಪಕವನ್ನು ಉಳಿದವುಗಳೊಡನೆ ತಾಳೆ ನೋಡುವುದೇ ಈ ವಿದ್ಯೆಯ ತಿರುಳು.

ಅಟ್ಲಾಂಟಿಕ್‌ನ ಮೇಲೆ ಕೈಕೊಟ್ಟದ್ದು ವೇಗದ ಮಾಪಕ. ಸಮಭಾಜಕದ ಬಳಿ ಎತ್ತರಕ್ಕೆ ಬೆಳೆಯುವ ಗುಡುಗು ಮೋಡಗಳ ಮೇಲ್ಭಾಗದಲ್ಲಿ ಮಂಜಿನ ಹರಳುಗಳಿರುತ್ತವೆ. ನೀರಿನ ಹನಿಗಳನ್ನು ಸುಲಭವಾಗಿ ಗುರುತಿಸುವ ರಾಡಾರ್‌ಗೆ ಈ ಹರಳುಗಳು ಅಷ್ಟು ಚೆನ್ನಾಗಿ ಕಾಣುವುದಿಲ್ಲ. ವೇಗವನ್ನು ಅಳೆಯುವ ಪಿಟೊ ಕೊಳವೆಗಳಲ್ಲಿ ಅವು ಸೇರಿಕೊಂಡವು. ವೇಗದ ಲೆಕ್ಕ ತಪ್ಪಿದೊಡನೆ ಆಟೊಪೈಲಟ್ ತನ್ನಷ್ಟಕ್ಕೆ ಕಳಚಿಕೊಂಡು, ವಿಮಾನವನ್ನು ಮನುಷ್ಯರ ಕೈಗೆ ಒಪ್ಪಿಸಿತು. ಆಗ ಮಾಡಬೇಕಾದದ್ದು ಬಹಳ ಕಡಿಮೆ. ಮೂತಿಯ ಕೋನವನ್ನೂ ಎಂಜಿನ್ನಿನ ಬಲವನ್ನೂ ಗೊತ್ತಿರುವ ಮಟ್ಟದಲ್ಲಿ ಹಿಡಿದು ಕಾಯುವುದು, ಅಷ್ಟೆ. ವೇಗದ ಅಂಕಿಗಳು ಒಂದು ನಿಮಿಷದೊಳಗೆ ಮರಳಿ ಬಂದವು ಕೂಡ. ಆದರೆ ನಿಯಂತ್ರಣ ಹಿಡಿದಿದ್ದ ಸಹ ಪೈಲಟ್ ಅಷ್ಟರಲ್ಲಿ ಮೂತಿಯನ್ನು ಮೇಲೆತ್ತಿದ್ದರು. ವಿಮಾನ 35,000 ಅಡಿಯಿಂದ ಸುಮಾರು 38,000 ಅಡಿಗೆ ಏರಿ, ವೇಗ ಕಳೆದುಕೊಂಡು, ರೆಕ್ಕೆಗಳಿಗೆ ಎತ್ತುವ ಶಕ್ತಿಯೇ ಇಲ್ಲದ ಸ್ಟಾಲ್ ಸ್ಥಿತಿಗೆ ಬಂದು ಬೀಳತೊಡಗಿತು. ಆಟೊಪೈಲಟ್ ಕಳಚಿದ್ದಕ್ಕೂ ಸಮುದ್ರ ಸೇರಿದ್ದಕ್ಕೂ ನಡುವೆ ಇದ್ದದ್ದು ನಾಲ್ಕೂವರೆ ನಿಮಿಷಕ್ಕಿಂತ ಕಡಿಮೆ.

ಇಲ್ಲೊಂದು ಕ್ರೂರ ವಿವರವಿದೆ. ವೇಗ ತೀರಾ ಇಳಿದಾಗ ಕಂಪ್ಯೂಟರ್ ಆ ಅಂಕಿಗಳನ್ನು ನಂಬಲಾಗದವೆಂದು ತಳ್ಳಿಹಾಕುತ್ತದೆ. ಆಗ ಸ್ಟಾಲ್ ಎಚ್ಚರಿಕೆಯೂ ನಿಂತುಹೋಗುತ್ತದೆ. ಸಹ ಪೈಲಟ್ ಮೂತಿಯನ್ನು ಇಳಿಸಿ ಸರಿಯಾದದ್ದನ್ನು ಮಾಡಿದಾಗ ಎಚ್ಚರಿಕೆ ಮತ್ತೆ ಕೂಗಿತು. ಮೇಲೆತ್ತಿ ತಪ್ಪು ಮಾಡಿದಾಗ ಮೌನವಾಯಿತು. ಸರಿಗೆ ಗದರಿಕೆ, ತಪ್ಪಿಗೆ ಸಮ್ಮತಿ!

ಆಡಳಿತದಲ್ಲಿ ಬಹುಕಾಲ ಕಳೆದ ನನಗೆ ವರದಿಯಲ್ಲಿ ಇದಕ್ಕಿಂತಲೂ ಹೆಚ್ಚು ಕಂಡದ್ದು ಪ್ರಭಾರದ ಪ್ರಶ್ನೆ. ಕ್ಯಾಪ್ಟನ್ ನಿಯಮದಂತೆ ವಿಶ್ರಾಂತಿಗೆ ಹೋದದ್ದು ಮೋಡಗಳ ಪ್ರದೇಶ ಸಮೀಪಿಸುತ್ತಿದ್ದಾಗ. ಉಳಿದ ಇಬ್ಬರಲ್ಲಿ ಯಾರ ಮಾತು ಅಂತಿಮ ಎಂಬುದು ಸ್ಪಷ್ಟವಾಗಿ ಹಂಚಿಕೆಯಾಗಿರಲಿಲ್ಲ. ಕಡಿಮೆ ಅನುಭವದವರ ಕೈಯಲ್ಲಿ ನಿಯಂತ್ರಣವಿತ್ತು. ಆ ಏರ್‌ಬಸ್‌ನಲ್ಲಿ ಇಬ್ಬರ ನಿಯಂತ್ರಣ ಕಡ್ಡಿಗಳೂ ಒಂದಕ್ಕೊಂದು ಜೋಡಣೆಯಾಗಿಲ್ಲ; ಒಬ್ಬರು ಎಳೆಯುತ್ತಿರುವುದು ಇನ್ನೊಬ್ಬರ ಕೈಗೆ ತಿಳಿಯದು. ನಮ್ಮಲ್ಲಿ ಒಬ್ಬ ತಹಸೀಲ್ದಾರರು ಹದಿನೈದು ದಿನದ ರಜೆಗೆ ಹೋಗುವಾಗಲೂ ಪ್ರಭಾರ ವಹಿಸಿಕೊಟ್ಟ ಪತ್ರಕ್ಕೆ ಇಬ್ಬರೂ ಸಹಿ ಹಾಕುತ್ತಾರೆ. ಅದನ್ನು ಕೆಂಪುಪಟ್ಟಿ ಎಂದು ಗೇಲಿ ಮಾಡುವುದುಂಟು. ಆದರೆ ನೆರೆ ಬಂದ ರಾತ್ರಿ ಆದೇಶ ಯಾರದೆಂದು ಯಾರೂ ಹುಡುಕಬೇಕಾಗುವುದಿಲ್ಲ.

ಅರ್ಥಶಾಸ್ತ್ರದ ಒಂದು ಸಂಗತಿಯೂ ಇದರಲ್ಲಿದೆ. ಆಟೊಪೈಲಟ್ ಇಂಧನ ಉಳಿಸುತ್ತದೆ, ದಣಿವು ತಪ್ಪಿಸುತ್ತದೆ. ಕೈಯಿಂದ ಹಾರಿಸುವ ನಿಮಿಷಗಳು ಹಾಗೆ ಕಡಿಮೆಯಾಗುತ್ತವೆ. ಕಂಪನಿಯ ಲೆಕ್ಕದಲ್ಲಿ ಇದು ಶುದ್ಧ ಲಾಭ. ಬಳಸದ ಕೌಶಲ ಸವೆಯುವುದನ್ನು ಮಾತ್ರ ಯಾವ ಆಯವ್ಯಯ ಪಟ್ಟಿಯೂ ತೋರಿಸುವುದಿಲ್ಲ. ಎಷ್ಟು ಎತ್ತರದಲ್ಲಿ ವಿಮಾನವನ್ನು ಕೈಯಿಂದ ಹಿಡಿಯುವ ಅಭ್ಯಾಸ ಆ ಸಹ ಪೈಲಟ್‌ಗಳಿಗೆ ಸಿಕ್ಕಿರಲಿಲ್ಲ ಎಂಬುದನ್ನು ವರದಿ ಗಮನಿಸಿದೆ. 2013ರ ಜನವರಿಯಲ್ಲಿ ಅಮೆರಿಕದ ವಿಮಾನಯಾನ ಆಡಳಿತವು ಕೈಹಾರಾಟವನ್ನು ಪ್ರೋತ್ಸಾಹಿಸುವಂತೆ ಕಂಪನಿಗಳಿಗೆ ಸಲಹೆ ಕಳುಹಿಸಬೇಕಾಯಿತು.

ಇಂತಹ ಆಪತ್ತು ನಮಗೇನೂ ದೂರವಲ್ಲ. 2025ರ ಮೇ 21ರ ಸಂಜೆ ದೆಹಲಿಯಿಂದ ಶ್ರೀನಗರಕ್ಕೆ 220ಕ್ಕೂ ಹೆಚ್ಚು ಮಂದಿಯನ್ನು ಹೊತ್ತಿದ್ದ ಇಂಡಿಗೊ ವಿಮಾನ ಪಠಾಣ್‌ಕೋಟ್ ಬಳಿ ಆಲಿಕಲ್ಲಿನ ಮೋಡಕ್ಕೆ ಸಿಲುಕಿತು. ಗಡಿಯತ್ತ ತಿರುಗಲು ನಮ್ಮ ನಿಯಂತ್ರಣ ಕೇಂದ್ರದ ಅನುಮತಿ ದೊರೆಯಲಿಲ್ಲ, ಲಾಹೋರ್ ನಿರಾಕರಿಸಿತು. ಆಟೊಪೈಲಟ್ ಕಳಚಿತು, ಸ್ಟಾಲ್ ಎಚ್ಚರಿಕೆಗಳು ಕೂಗಿದವು, ಒಂದು ಹಂತದಲ್ಲಿ ವಿಮಾನ ನಿಮಿಷಕ್ಕೆ 8,500 ಅಡಿಯ ವೇಗದಲ್ಲಿ ಇಳಿಯಿತು. ಮೋಡದಿಂದ ಹೊರಬರುವವರೆಗೂ ಪೈಲಟ್‌ಗಳು ಅದನ್ನು ಕೈಯಿಂದಲೇ ಹಾರಿಸಿದರು ಎಂದು ನಾಗರಿಕ ವಿಮಾನಯಾನ ಮಹಾ ನಿರ್ದೇಶನಾಲಯವೇ ತಿಳಿಸಿತು. ಮೂತಿ ಜಜ್ಜಿಹೋಗಿದ್ದ ವಿಮಾನ ಶ್ರೀನಗರದಲ್ಲಿ ಇಳಿದಾಗ ಎಲ್ಲರೂ ಸುರಕ್ಷಿತವಾಗಿದ್ದರು. ಮೋಡದತ್ತ ಹೋಗಬೇಕಿತ್ತೇ ಎಂಬುದು ಬೇರೆ ಚರ್ಚೆ. ಒಳಗೆ ಸಿಲುಕಿದ ಮೇಲೆ ಅವರ ಕೈಗೆ ಕೆಲಸ ಗೊತ್ತಿತ್ತು.

ಸಿಮ್ಯುಲೇಟರ್‌ನಲ್ಲಿ ಈ ಕೆಲಸವನ್ನು ಕಲಿಸಬಹುದು. ಆದರೆ ಇಂತಹ ದಿನ ಇಂತಹ ದೋಷ ಬರುತ್ತದೆಂದು ಮೊದಲೇ ತಿಳಿಸಿ ನಡೆಸುವ ಅಭ್ಯಾಸವು, ದಿನಾಂಕ ತಿಳಿಸಿ ಹೋಗುವ ಕಚೇರಿ ತಪಾಸಣೆಯಂತೆ. ಅಂದು ಕಡತಗಳೆಲ್ಲ ಅಚ್ಚುಕಟ್ಟಾಗಿರುತ್ತವೆ. ವಿಮಾನಗಳ ಸಮಯಪಾಲನೆಯ ಅಂಕಿಅಂಶಗಳನ್ನು ನಿರ್ದೇಶನಾಲಯ ಪ್ರತಿ ತಿಂಗಳೂ ಪ್ರಕಟಿಸುತ್ತದೆ. ಮುನ್ಸೂಚನೆಯಿಲ್ಲದೆ ವೇಗದ ಮಾಪಕ ಕೆಡಿಸಿ, ಆಟೊಪೈಲಟ್ ಕಳಚಿ, ಪೈಲಟ್‌ಗಳಿಗೆ ಕೊಟ್ಟ ಅಭ್ಯಾಸದ ಗಂಟೆಗಳು ಪ್ರತಿ ಕಂಪನಿಯಲ್ಲಿ ವರ್ಷಕ್ಕೆ ಎಷ್ಟು ಎಂಬುದನ್ನೂ ಅದೇ ಪಟ್ಟಿಯಲ್ಲಿ ಸೇರಿಸಲಿ.