ಮನೆ ಮಾರಿದ ಸಂಶೋಧಕನ ಊರಿನಲ್ಲಿ ಅನುದಾನದ ಹುಡುಕಾಟ

1925ರಲ್ಲಿ ಬಿಜಾಪುರದ ವಕೀಲರೊಬ್ಬರು ತಮ್ಮ ಸ್ವಂತ ಮನೆಯನ್ನು ಮಾರಿ, ಬಂದ ಹಣದಿಂದ ‘ಹಿತಚಿಂತಕ’ ಎಂಬ ಮುದ್ರಣಾಲಯವನ್ನು ತೆರೆದರು. ಅಚ್ಚಿನ ವ್ಯಾಪಾರದಲ್ಲಿ ಲಾಭ ಮಾಡಿಕೊಳ್ಳುವ ಹಂಬಲ ಅವರಿಗಿರಲಿಲ್ಲ. ಊರೂರು ಅಲೆದು, ಮಠಗಳಿಂದಲೂ ಮನೆಮನೆಗಳಿಂದಲೂ ಕೂಡಿಸಿದ ತಾಡವೋಲೆಗಳಲ್ಲಿದ್ದ ಶರಣರ ವಚನಗಳು ಬೆಳಕು ಕಾಣಬೇಕಿತ್ತು. ಅದಕ್ಕೆ ಹಣ ಕೊಡುವವರು ಯಾರೂ ಇರಲಿಲ್ಲ. ಆ ವಕೀಲರೇ ಫ.ಗು. ಹಳಕಟ್ಟಿ (1880-1964). ಹಸ್ತಪ್ರತಿ ಮೊದಲು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಹೋಗಿ ಮರಳಿ ಬಂದಿತೆಂಬ ಸಂಗತಿ ಅವರ ಜೀವನಚರಿತ್ರೆ ಓದಿದವರಿಗೆಲ್ಲ ಗೊತ್ತು. ‘ವಚನಶಾಸ್ತ್ರಸಾರ’ದ ಮೊದಲ ಭಾಗ ಕೊನೆಗೆ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಮರುವರ್ಷಗಳಲ್ಲಿ ಸ್ವಂತ ಮುದ್ರಣಾಲಯ ಬಂತು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಹೊರಟಿತು. ಮನೆ ಮಾತ್ರ ಹೋಯಿತು.

ಈ ಕಥೆಯನ್ನು ತ್ಯಾಗದ ಕಥೆಯಾಗಿ ಹೇಳುವುದು ನಮ್ಮಲ್ಲಿ ರೂಢಿ. ಜಯಂತಿಯ ದಿನದ ಭಾಷಣಗಳಲ್ಲಿ ಅದು ತಪ್ಪದೆ ಬರುತ್ತದೆ. ಆದರೆ ಅದರೊಳಗೆ ಇನ್ನೊಂದು ಪ್ರಶ್ನೆಯೂ ಇದೆ. ಸಂಶೋಧನೆಗೆ ಹಣ ಎಲ್ಲಿಂದ ಬರುತ್ತದೆ? ಯಾರಿಗೆ ಬರುತ್ತದೆ? ಯಾರಿಗೆ ಬರುವುದಿಲ್ಲ? ಇಂದು ಇದೇ ವಿಜಯಪುರದಲ್ಲಿ 2003ರಲ್ಲಿ ಆರಂಭವಾದ ಮಹಿಳಾ ವಿಶ್ವವಿದ್ಯಾಲಯವಿದೆ. ಈಗ ಅದು ಅಕ್ಕಮಹಾದೇವಿಯ ಹೆಸರಿನಲ್ಲಿದೆ. ಹಳಕಟ್ಟಿಯವರು 1910ರಲ್ಲಿ ಕಟ್ಟಿದ ಬಿ.ಎಲ್.ಡಿ.ಇ. ಸಂಸ್ಥೆಯ ವಿಶ್ವವಿದ್ಯಾಲಯವಿದೆ, ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕಾಲೇಜಿದೆ. ಅಲ್ಲಿನ ಅಧ್ಯಾಪಕರಿಗೂ, ತಿಕೋಟಾ ಬಬಲೇಶ್ವರದಂಥ ಊರುಗಳಿಂದ ಬಂದು ಪಿಎಚ್.ಡಿ. ಮಾಡುತ್ತಿರುವ ಹುಡುಗ ಹುಡುಗಿಯರಿಗೂ ಈ ಪ್ರಶ್ನೆ ಹಳತಾಗಿಲ್ಲ.

ಹಳಕಟ್ಟಿಯವರ ಕಾಲದಲ್ಲಿ ಸಂಶೋಧನೆಗೆ ಹಣವೇ ಇರಲಿಲ್ಲ ಎಂದು ತಿಳಿಯುವುದು ಸರಿಯಲ್ಲ. ಆಶ್ರಯದ ಪರಂಪರೆ ಈ ಊರಿಗೆ ಹಳೆಯದು: ಫೆರಿಸ್ತಾ ತನ್ನ ಹೆಸರಾಂತ ಚರಿತ್ರೆಯನ್ನು ಬರೆದದ್ದು ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಆಸ್ಥಾನದಲ್ಲಿ ಕುಳಿತು. ಬ್ರಿಟಿಷರ ಕಾಲಕ್ಕೆ ಬಂದರೆ, ಹೆನ್ರಿ ಕಸಿನ್ಸ್ ಬಿಜಾಪುರದ ಕಟ್ಟಡಗಳನ್ನು ಅಳೆದು, ನಕ್ಷೆ ತೆಗೆದು ಬರೆದ ದೊಡ್ಡ ಗ್ರಂಥವನ್ನು ಪುರಾತತ್ತ್ವ ಇಲಾಖೆ 1916ರಲ್ಲಿ ಸರ್ಕಾರದ ಖರ್ಚಿನಲ್ಲೇ ಹೊರತಂದಿತು. 1930ರ ದಶಕದಲ್ಲಿ ಇಂಪೀರಿಯಲ್ ಕೃಷಿ ಸಂಶೋಧನ ಪರಿಷತ್ತು ಒಣಬೇಸಾಯದ ಸಂಶೋಧನೆಗೆಂದು ದೇಶದಲ್ಲಿ ಐದು ಕೇಂದ್ರಗಳಿಗೆ ಹಣ ಕೊಟ್ಟಿತು: ಸೊಲ್ಲಾಪುರ, ಬಿಜಾಪುರ, ಹಗರಿ, ರಾಯಚೂರು, ರೋಹತಕ. ಹೀಗೆ ಒಂದೇ ಊರಿನಲ್ಲಿ, ಹೆಚ್ಚುಕಡಿಮೆ ಒಂದೇ ಕಾಲದಲ್ಲಿ, ಗುಮ್ಮಟಕ್ಕೆ ಹಣ ಬಂತು, ಜೋಳದ ಹೊಲಕ್ಕೆ ಹಣ ಬಂತು, ಓಲೆಗರಿಗೆ ಬರಲಿಲ್ಲ.

ಕಾರಣ ಗಹನವೇನಲ್ಲ. ಬರಗಾಲ ಸರ್ಕಾರಕ್ಕೆ ತಲೆನೋವಾಗಿತ್ತು. ಮಳೆಯ ನೀರು ಹೊಲದಲ್ಲೇ ಇಂಗುವಂತೆ ಮಾಡುವುದು ಹೇಗೆ ಎಂಬುದು ಕಂದಾಯದ ಪ್ರಶ್ನೆಯೂ ಆಗಿತ್ತು. ಓಲೆಗರಿಯನ್ನು ಹುಳು ತಿನ್ನುವುದು ಯಾವ ಇಲಾಖೆಯ ತಲೆನೋವೂ ಆಗಿರಲಿಲ್ಲ. ವಿಚಿತ್ರವೆಂದರೆ ಹಳಕಟ್ಟಿಯವರಿಗೆ ಹಣ ಕೂಡಿಸುವ ಕಲೆ ಗೊತ್ತಿತ್ತು. ಶಿಕ್ಷಣ ಸಂಸ್ಥೆ ಕಟ್ಟಿದರು, 1912ರಲ್ಲಿ ಸಿದ್ಧೇಶ್ವರ ಬ್ಯಾಂಕು ಸ್ಥಾಪಿಸಿದರು. ಶಾಲೆ ಎಂದರೆ, ಬ್ಯಾಂಕು ಎಂದರೆ ಜನರಿಗೆ ತಿಳಿಯುತ್ತಿತ್ತು. ಸಂಶೋಧನೆ ಎಂದರೆ ಏನೆಂದು ತಿಳಿಯುವಂತಿರಲಿಲ್ಲ.

ಅನುದಾನ ಎಂಬುದು ದಾನವಲ್ಲ, ಬಹುಮಾನವೂ ಅಲ್ಲ. ಕೊಡುವವನಿಗೆ ಅವನದೇ ಆದ ಒಂದು ಉದ್ದೇಶ ಇರುತ್ತದೆ. ಆ ಉದ್ದೇಶ ನಮ್ಮ ಪ್ರಶ್ನೆಯೊಂದಿಗೆ ಎಲ್ಲಿ ಕೂಡುತ್ತದೆ ಎಂದು ನೋಡುವುದೇ ಹುಡುಕಾಟದ ಮುಕ್ಕಾಲು ಪಾಲು ಕೆಲಸ. ಸ್ವಾತಂತ್ರ್ಯದ ಆಚೆ ಈಚೆ ನಮ್ಮ ದೇಶದಲ್ಲಿ ಹುಟ್ಟಿದ ಸಂಸ್ಥೆಗಳೆಲ್ಲ ಒಂದೊಂದು ಉದ್ದೇಶವನ್ನು ಹೊತ್ತುಕೊಂಡೇ ಹುಟ್ಟಿವೆ. ವೈದ್ಯಕೀಯಕ್ಕೆ 1911ರಲ್ಲಿ ಸಂಶೋಧನ ನಿಧಿ ಸಂಘವಾಗಿ ಆರಂಭವಾದ ಐಸಿಎಂಆರ್. ಕೈಗಾರಿಕೆಗೆ 1942ರ ಸಿಎಸ್ಐಆರ್. ಸಮಾಜ ವಿಜ್ಞಾನಕ್ಕೆ 1969ರ ಐಸಿಎಸ್ಎಸ್ಆರ್. ಚರಿತ್ರೆಗೆ 1972ರ ಐಸಿಎಚ್ಆರ್. ಕಲೆ ಮತ್ತು ಸಂಸ್ಕೃತಿಯ ಸಂಶೋಧನೆಗೆ ಬೆಂಗಳೂರಿನಲ್ಲೇ 1993ರಲ್ಲಿ ಸ್ಥಾಪನೆಯಾದ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಇದೆ, ಅದು ಸರ್ಕಾರದ್ದಲ್ಲ. ಭಾರತೀಯ ಭಾಷೆಗಳಲ್ಲೂ ಪ್ರಸ್ತಾವ ಬರೆದು ಕಳಿಸಲು ಅವಕಾಶ ಕೊಟ್ಟಿರುವ ಸಂಸ್ಥೆ ಎಂಬ ಕಾರಣಕ್ಕೆ ಕನ್ನಡದಲ್ಲಿ ಯೋಚಿಸುವವರು ಅದನ್ನು ನೆನಪಿಡಬೇಕು. ಮಿಕ್ಕ ಕಡೆ ಅರ್ಜಿ ಸಾಮಾನ್ಯವಾಗಿ ಇಂಗ್ಲಿಷಿನದೇ. ಒಳ್ಳೆಯ ವಿಷಯಗಳು ಭಾಷೆಯ ಹೊಸ್ತಿಲಲ್ಲೇ ಮುಗ್ಗರಿಸಿ ಬೀಳುವುದು ಇಲ್ಲಿ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾದೀತು. ವಿಜಯಪುರದಿಂದ ತಿಕೋಟಾದ ಕಡೆಗೆ ಹೊರಟರೆ ತೊರವಿ ಸಿಗುತ್ತದೆ. ಆದಿಲ್‌ಶಾಹಿಗಳ ಕಾಲದಲ್ಲಿ ಅಲ್ಲಿಂದ ನೆಲದಡಿಯ ಕಾಲುವೆಯಲ್ಲಿ ನಗರಕ್ಕೆ ನೀರು ತರುತ್ತಿದ್ದರು. ‘ಕರೇಜ್’ ಎಂದು ಹೆಸರು. ಇದರ ಮೇಲೆ ಕೆಲಸ ಮಾಡಬಯಸುವ ಅಧ್ಯಾಪಕಿಯೊಬ್ಬರಿದ್ದಾರೆ ಎಂದು ಭಾವಿಸೋಣ. ‘ಕರೇಜ್ ಕುರಿತು ಒಂದು ಅಧ್ಯಯನ’ ಎಂದು ಬರೆದು ಎಲ್ಲ ಕಡೆಗೂ ಒಂದೇ ಅರ್ಜಿ ಕಳಿಸಿದರೆ ಎಲ್ಲ ಕಡೆಯಿಂದಲೂ ಅದು ತಿರುಗಿ ಬರುವುದು ಹೆಚ್ಚುಕಡಿಮೆ ಖಚಿತ. ಯಾವ ಸುಲ್ತಾನನ ಕಾಲದಲ್ಲಿ, ಯಾರ ಕೈಯಿಂದ, ಯಾವ ದಾಖಲೆಯ ಆಧಾರದಲ್ಲಿ ಎಂಬುದು ಪ್ರಶ್ನೆಯಾದರೆ ಅದು ಚರಿತ್ರೆಯ ಪರಿಷತ್ತಿನ ವಿಷಯ. ಈಗಲೂ ಅದರಲ್ಲಿ ನೀರು ಹರಿಯಬಲ್ಲುದೇ, ಸುತ್ತಲಿನ ಕೊಳವೆಬಾವಿಗಳು ಅದಕ್ಕೇನು ಮಾಡಿವೆ ಎಂದು ಕೇಳಿದರೆ ಭೂಜಲ ವಿಜ್ಞಾನದ ಬಾಗಿಲು ತಟ್ಟಬೇಕು, ಭೂವಿಜ್ಞಾನಿಯೊಬ್ಬರನ್ನು ಜೊತೆಗೆ ಸೇರಿಸಿಕೊಳ್ಳಬೇಕು. ಆ ಹಾಳು ಬಾವಿಗಳ ಬಾಯಿಯ ಸುತ್ತ ಹೊಲ ಮಾಡುವವರು ಏನು ಹೇಳುತ್ತಾರೆ ಎಂಬುದು ಮೂರನೆಯ ಪ್ರಶ್ನೆ, ಮೂರನೆಯ ಬಾಗಿಲು. ಇದು ವೇಷ ಬದಲಿಸುವುದಲ್ಲ. ಮೂರೂ ಪ್ರಾಮಾಣಿಕ ಪ್ರಶ್ನೆಗಳೇ, ಆದರೆ ಬೇರೆ ಬೇರೆ.

ಬಬಲೇಶ್ವರದ ಕಡೆಗೂ ಹೀಗೆಯೇ. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಆ ಒಣನೆಲವನ್ನು ಮುಟ್ಟಿತು. ನೀರು ಬಂದ ಮೇಲೆ ಗುಳೆ ಹೋಗುವುದು ಕಡಿಮೆಯಾಯಿತೇ? ಹೊಲದ ಬೆಲೆ, ಕೂಲಿ, ಹೆಣ್ಣುಮಕ್ಕಳ ದುಡಿಮೆ ಏನಾದವು? ಜೋಳ ಬಿತ್ತುತ್ತಿದ್ದಲ್ಲಿ ಏನು ಬಿತ್ತುತ್ತಿದ್ದಾರೆ? ದೆಹಲಿಯಲ್ಲಿ ಕುಳಿತವರಿಗೆ ಈ ಪ್ರಶ್ನೆ ಹೊಳೆಯುವುದಿಲ್ಲ. ಬಬಲೇಶ್ವರದಲ್ಲಿ ಪಾಠ ಹೇಳುವವರಿಗೆ ಹೊಳೆಯುತ್ತದೆ. ನನ್ನ ದೃಷ್ಟಿಯಲ್ಲಿ ಸಣ್ಣ ಊರಿನ ಸಂಶೋಧಕರ ನಿಜವಾದ ಬಂಡವಾಳ ಇದೇ. ಅರ್ಜಿಗಳಲ್ಲಿ ಅದನ್ನೇ ಮುಚ್ಚಿಟ್ಟು, ಯಾವುದೋ ದೊಡ್ಡ ಸಿದ್ಧಾಂತದ ಹೆಸರನ್ನು ಮುಂದೆ ಮಾಡುವುದು ಏಕೋ ತಿಳಿಯದು.

ಬಾಗಿಲುಗಳಿಗೆ ಬೀಗಗಳೂ ಇವೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 1956ರ ಕಾಯ್ದೆಯಲ್ಲಿ 2(ಎಫ್), 12(ಬಿ) ಎಂಬ ಎರಡು ಕಲಮುಗಳಿವೆ. ಕಾಲೇಜು 12(ಬಿ) ಪಟ್ಟಿಯಲ್ಲಿ ಇಲ್ಲದಿದ್ದರೆ ಕೇಂದ್ರದ ಹಲವು ಅನುದಾನಗಳಿಗೆ ಅರ್ಜಿ ಹಾಕುವ ಅರ್ಹತೆಯೇ ಇರುವುದಿಲ್ಲ. ಅಧ್ಯಾಪಕರು ತಿಂಗಳುಗಟ್ಟಲೆ ಪ್ರಸ್ತಾವ ಬರೆಯುವ ಮೊದಲು ಕಾಲೇಜಿನ ಕಚೇರಿಯಲ್ಲಿ ಇದೊಂದನ್ನು ಕೇಳಿಕೊಂಡರೆ ಎಷ್ಟೋ ಶ್ರಮ ಉಳಿಯುತ್ತದೆ. ಕಾಲೇಜು ಪಟ್ಟಿಯಲ್ಲಿ ಇಲ್ಲವಾದರೆ ಹತ್ತಿರದ ವಿಶ್ವವಿದ್ಯಾಲಯದ ಸಂಶೋಧಕರೊಡನೆ ಕೂಡಿ ಅರ್ಜಿ ಹಾಕುವ ದಾರಿ ಉಳಿದಿರುತ್ತದೆ.

ದೊಡ್ಡ ಬದಲಾವಣೆ ಬಂದದ್ದು 2023ರಲ್ಲಿ. ವಿಜ್ಞಾನ ಸಂಶೋಧನೆಗೆ ಹಣ ಹಂಚುತ್ತಿದ್ದ ಮಂಡಳಿಯ ಜಾಗದಲ್ಲಿ ಅನುಸಂಧಾನ ರಾಷ್ಟ್ರೀಯ ಸಂಶೋಧನ ಪ್ರತಿಷ್ಠಾನವನ್ನು ಸಂಸತ್ತು ಕಾಯ್ದೆಯ ಮೂಲಕ ಸ್ಥಾಪಿಸಿತು. ಐದು ವರ್ಷಕ್ಕೆ 50,000 ಕೋಟಿ ರೂಪಾಯಿಯ ಅಂದಾಜು. ಅದರ ದೊಡ್ಡ ಪಾಲು ಸರ್ಕಾರದ ಹೊರಗಿನಿಂದ ಬರಬೇಕೆಂಬ ಎಣಿಕೆ. ಮಾನವಿಕ ಶಾಸ್ತ್ರಗಳಿಗೂ ಅಲ್ಲಿ ಸ್ಥಾನವಿದೆ, ಆದರೆ ವಿಜ್ಞಾನ ತಂತ್ರಜ್ಞಾನವನ್ನು ಅವು ಎಲ್ಲಿ ಮುಟ್ಟುತ್ತವೆಯೋ ಅಷ್ಟಕ್ಕೆ ಮಾತ್ರ. ಓಲೆಗರಿಯನ್ನು ಹುಳುವಿನಿಂದ ಕಾಯುವ ರಸಾಯನಕ್ಕೆ ಅಲ್ಲಿ ಹಣ ಕೇಳಬಹುದು. ಓಲೆಗರಿಯಲ್ಲಿ ಏನು ಬರೆದಿದೆ ಎಂದು ಓದುವುದಕ್ಕೆ ಕೇಳುವುದು ಕಷ್ಟ. ನೂರು ವರ್ಷಗಳಲ್ಲಿ ಹಳಕಟ್ಟಿಯವರ ಪ್ರಶ್ನೆ ಪೂರ್ತಿ ಬಗೆಹರಿದಿಲ್ಲ ಎನ್ನಲು ಇಷ್ಟು ಸಾಕು.

ಹೆಚ್ಚು ಜನ ಗಮನಿಸದ ಇನ್ನೊಂದು ಮೂಲವೆಂದರೆ 2013ರ ಕಂಪನಿ ಕಾಯ್ದೆ. ನಿಗದಿತ ಪ್ರಮಾಣ ಮೀರಿದ ಕಂಪನಿಗಳು ಲಾಭದ ಸರಾಸರಿಯಲ್ಲಿ ಶೇಕಡ 2ರಷ್ಟನ್ನು ಸಮಾಜದ ಕೆಲಸಕ್ಕೆ ಕೊಡಬೇಕು. ಪರಂಪರೆ, ಕಲೆ, ಸಂಸ್ಕೃತಿಯ ರಕ್ಷಣೆ, ಸಾರ್ವಜನಿಕ ಗ್ರಂಥಾಲಯಗಳು ಕಾಯ್ದೆಯ ಪಟ್ಟಿಯಲ್ಲೇ ಇವೆ. ತಾವು ಕೆಲಸ ಮಾಡುವ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದೂ ಕಾಯ್ದೆ ಹೇಳುತ್ತದೆ. ಕೂಡಗಿಯಲ್ಲಿ ದೊಡ್ಡ ಉಷ್ಣ ವಿದ್ಯುತ್ ಸ್ಥಾವರ ಇರುವ ಜಿಲ್ಲೆಯವರು ಇದನ್ನು ಓದಿಕೊಳ್ಳುವುದು ಒಳ್ಳೆಯದು.

ಇನ್ನು ಹಣ ಮಂಜೂರಾದ ಮೇಲಿನ ಮಾತು. ಬಜೆಟ್ಟಿನಲ್ಲಿ ಸಹಾಯಕರ ಸಂಬಳ, ಓಡಾಟ, ಉಪಕರಣ, ಪುಸ್ತಕ ಎಂದು ಬೇರೆ ಬೇರೆ ಬಾಬತ್ತುಗಳಿರುತ್ತವೆ. ಒಂದರ ಹಣವನ್ನು ಒಪ್ಪಿಗೆ ಇಲ್ಲದೆ ಇನ್ನೊಂದಕ್ಕೆ ಬಳಸುವಂತಿಲ್ಲ. ಹಣ ಬರುವುದು ಸಂಶೋಧಕರ ಕೈಗಲ್ಲ, ಸಂಸ್ಥೆಯ ಖಾತೆಗೆ, ಅದೂ ಕಂತು ಕಂತಾಗಿ. ಮೊದಲ ಕಂತಿನ ಬಳಕೆ ಪ್ರಮಾಣಪತ್ರ ಲೆಕ್ಕಪರಿಶೋಧಕರ ಸಹಿಯೊಂದಿಗೆ ಹೋಗದೆ ಎರಡನೆಯ ಕಂತು ಹೊರಡುವುದಿಲ್ಲ. ಕ್ಷೇತ್ರಕಾರ್ಯ ಅರ್ಧಕ್ಕೆ ನಿಲ್ಲುವುದು ಬಹಳ ಸಲ ವಿದ್ವತ್ತಿನ ಕೊರತೆಯಿಂದಲ್ಲ, ಬಸ್ಸಿನ ಟಿಕೆಟ್ಟು ಕಳೆದುಹೋದದ್ದರಿಂದ. ಆದ್ದರಿಂದ ಅನುದಾನಕ್ಕೆ ಹೊರಟವರು ತಮ್ಮ ಕಾಲೇಜಿನ ಲೆಕ್ಕದ ಗುಮಾಸ್ತರನ್ನು ಅರ್ಜಿ ಬರೆಯುವ ದಿನವೇ ಕಂಡು ಮಾತಾಡಿಕೊಂಡಿರಬೇಕು.